ಊರೇ ಇಲ್ಲದ ಜಿಲ್ಲೆ: ರಾಕ್ಸ್‌ಬರಾಶೈರ್‌ನ ಚರಿತ್ರೆ, ಬಿರುದು, ಗಡಿ – ಪದೇ ಪದೇ ಕೇಳುವ ಪ್ರಶ್ನೆಗಳು

ರಾಕ್ಸ್‌ಬರಾ ಎಂಬ ಒಂದೇ ಹೆಸರಿಗೆ ಸ್ಕಾಟ್ಲೆಂಡಿನಲ್ಲಿ ಅಳಿದುಹೋದ ಪಟ್ಟಣವೊಂದಿದೆ, ಚಿಕ್ಕ ಹಳ್ಳಿಯೊಂದಿದೆ, ಹಳೆಯ ಕೌಂಟಿಯಿದೆ (ರಾಕ್ಸ್‌ಬರಾಶೈರ್; ಇಲ್ಲಿ "ಜಿಲ್ಲೆ" ಎನ್ನುವುದು ಇದನ್ನೇ), 21 ವರ್ಷ ಮಾತ್ರ ಬಾಳಿದ ಡಿಸ್ಟ್ರಿಕ್ಟ್ ಇದೆ, ಡ್ಯೂಕ್ ಪದವಿಯಿದೆ, ಮತಕ್ಷೇತ್ರದ ಹೆಸರಿನಲ್ಲೊಂದು ತುಂಡೂ ಇದೆ. ಇವುಗಳಲ್ಲಿ ಯಾವ ಎರಡೂ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. "ಯಾವ ರಾಕ್ಸ್‌ಬರಾ, ಯಾವ ಇಸವಿಯದು?" ಎಂದು ಮೊದಲೇ ಕೇಳಿಕೊಂಡರೆ ಮುಕ್ಕಾಲು ಪಾಲು ಗೊಂದಲ ಅಲ್ಲೇ ಕಳೆಯುತ್ತದೆ. ಕೆಳಗಿನ ಉತ್ತರಗಳೆಲ್ಲ ಸುತ್ತಿ ಬಳಸಿ ಬರುವುದು ಆ ಪ್ರಶ್ನೆಗೇ.

ಈ ಜಿಲ್ಲೆ ಇರುವುದೆಲ್ಲಿ?

ಸ್ಕಾಟ್ಲೆಂಡಿನ ದಕ್ಷಿಣದ ಅಂಚಿನಲ್ಲಿ, ಚೀವಿಯಟ್ ಬೆಟ್ಟಸಾಲಿಗೆ ಒರಗಿಕೊಂಡಂತೆ. ವಿಸ್ತೀರ್ಣ ಸುಮಾರು 1,720 ಚದರ ಕಿಲೋಮೀಟರ್. ಬೆಟ್ಟದ ಆಚೆಗೆ ಇಂಗ್ಲೆಂಡಿನ ನಾರ್ತಂಬರ್ಲೆಂಡ್ ಮತ್ತು ಕಂಬರ್ಲೆಂಡ್. ಈಚೆಗೆ ಉತ್ತರದಲ್ಲಿ ಬೆರಿಕ್‌ಶೈರ್, ಪಶ್ಚಿಮದಲ್ಲಿ ಸೆಲ್ಕರ್ಕ್‌ಶೈರ್, ನೈಋತ್ಯದಲ್ಲಿ ಡಂಫ್ರೀಸ್‌ಶೈರ್. ಮುಖ್ಯ ಪಟ್ಟಣಗಳು ನಾಲ್ಕು: ಹಾಯ್ಕ್, ಕೆಲ್ಸೊ, ಜೆಡ್‌ಬರಾ, ಮೆಲ್‌ರೋಸ್.

ಒಳಗೆ ಎರಡು ಬೇರೆ ಬೇರೆ ಲೋಕಗಳಿವೆ. ಟೀವಿಯಟ್ ಮತ್ತು ಅದರ ಉಪನದಿಗಳು ಈಶಾನ್ಯಕ್ಕೆ ಹರಿದು ಟ್ವೀಡ್ ಸೇರುತ್ತವೆ. ಇದು ಟೀವಿಯಟ್‌ಡೇಲ್, ಹೊಲಗದ್ದೆಯ ಸೀಮೆ. ಲಿಡ್ಡಲ್ ಹೊಳೆ ಮಾತ್ರ ಇವಕ್ಕೆ ಬೆನ್ನು ಹಾಕಿ ನೈಋತ್ಯಕ್ಕೆ ಇಳಿದು, ಎಸ್ಕ್ ನದಿಯ ಜೊತೆ ಸಾಲ್ವೆ ಕೊಲ್ಲಿ ಸೇರುತ್ತದೆ. ಅದು ಲಿಡ್ಸ್‌ಡೇಲ್, ಒದ್ದೆ ಬೆಟ್ಟಗಳ, ಒಂದು ಕಾಲಕ್ಕೆ ದನಗಳ್ಳರ ಸೀಮೆ. ನೀರು ಹರಿಯುವ ದಿಕ್ಕು ಬೇರೆಯಾದದ್ದರಿಂದಲೇ ಲಿಡ್ಸ್‌ಡೇಲ್‌ಗೆ ಬೇರೆ ಅಧಿಕಾರಿ, ಬೇರೆ ಕೋಟೆ, ಬೇರೆ ಕುಖ್ಯಾತಿ ಬಂತು.

ಹೆಸರುಗಳನ್ನು ಹೇಗೆ ಓದಬೇಕು?

ಇಂಗ್ಲಿಷ್ ಅಕ್ಷರ ನೋಡಿ ಓದಿದರೆ ಎಡವುವುದು ಖಂಡಿತ. "ರಾಕ್ಸ್‌ಬರ್ಗ್" ಅಲ್ಲ, "ರಾಕ್ಸ್‌ಬರಾ". "ಹಾವಿಕ್" ಅಲ್ಲ, ಒಂದೇ ಉಸಿರಿನ "ಹಾಯ್ಕ್". "ಬಕ್ಲಿಯೂಚ್" ಎಂದು ಬರೆದವರನ್ನು ಕಂಡಿದ್ದೇವೆ, ಅದು "ಬಕ್ಲೂ". ಬೆರಿಕ್, ಸದರ್ಕ್ ಮಾದರಿಯ ಹೆಸರುಗಳಲ್ಲಿ ನಡುವಿನ ಡಬ್ಲ್ಯೂ ಬಾಯಿಗೆ ಬರುವುದೇ ಇಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕು. ಊರು, ಕೌಂಟಿ ಬರೆಯುವಾಗ ಇಂಗ್ಲಿಷಿನಲ್ಲಿ ಕೊನೆಗೆ 'ಇ' ಇಲ್ಲ. ಡ್ಯೂಕನ ಬಿರುದಿನಲ್ಲಿ ಕೊನೆಗೊಂದು 'ಇ' ಇದೆ. ಹಾಗೆಯೇ ಡ್ಯೂಕ್ ಮನೆತನದ ಕುಲನಾಮ ಕೆರ್‌ಗೆ ಒಂದು 'ಆರ್', ಲೋಥಿಯನ್ ಮನೆತನದ ಕೆರ್‌ಗೆ ಎರಡು. ಆಂಕ್ರಮ್ ಹಳ್ಳಿಗೆ ನಡುವೆ 'ಯು', ಆಂಕ್ರಮ್ ಬಿರುದಿಗೆ 'ಎ'. ಕನ್ನಡ ಲಿಪಿಯಲ್ಲಿ ಈ ವ್ಯತ್ಯಾಸ ಮಾಯವಾಗುತ್ತದೆ. ಹಾಗಾಗಿ "ರಾಕ್ಸ್‌ಬರಾ ಡ್ಯೂಕ್", "ರಾಕ್ಸ್‌ಬರಾ ಕೌಂಟಿ" ಎಂದು ಬಿಡಿಸಿಯೇ ಬರೆಯುವುದು ಲೇಸು.

ಜಿಲ್ಲೆಗೆ ಹೆಸರು ಕೊಟ್ಟ ರಾಕ್ಸ್‌ಬರಾ ಊರು ಈಗ ಎಲ್ಲಿದೆ?

ಇಲ್ಲ. ಕೆಲ್ಸೊ ಪಕ್ಕದಲ್ಲಿ ಟ್ವೀಡ್ ಮತ್ತು ಟೀವಿಯಟ್ ಕೂಡುವ ಮುನ್ನ ನಡುವೆ ನಾಲಿಗೆಯ ಹಾಗೆ ಚಾಚಿದ ನೆಲವೊಂದಿದೆ. 12ನೇ ಶತಮಾನದಲ್ಲಿ ಒಂದನೇ ಡೇವಿಡ್ ಅರಸನ ಕಾಲಕ್ಕೆ ಅಲ್ಲಿ ರಾಜಮಾನ್ಯತೆ ಪಡೆದ ಪಟ್ಟಣ, ಅದರ ತಲೆಯ ಮೇಲೆ ಕೋಟೆ ಇದ್ದವು. ಎಡಿನ್‌ಬರಾ, ಸ್ಟರ್ಲಿಂಗ್, ಬೆರಿಕ್ ಜೊತೆಗೆ ರಾಕ್ಸ್‌ಬರಾವೂ ಸೇರಿ "ನಾಲ್ಕು ಪಟ್ಟಣಗಳ ನ್ಯಾಯಸಭೆ" ನಡೆಯುತ್ತಿತ್ತು. ರಾಕ್ಸ್‌ಬರಾ, ಬೆರಿಕ್ ಎರಡೂ ಇಂಗ್ಲಿಷರ ಕೈಯಲ್ಲಿದ್ದಾಗ, 1369ರಲ್ಲಿ, ಅವುಗಳ ಜಾಗಕ್ಕೆ ಲ್ಯಾನರ್ಕ್ ಮತ್ತು ಲಿನ್ಲಿತ್‌ಗೊ ಬಂದವು.

ಕೋಟೆಯ ಕಥೆ ಹೀಗೆ. 1314ರಲ್ಲಿ, ಕ್ರೈಸ್ತರ ಉಪವಾಸದ ಹಿಂದಿನ ರಾತ್ರಿಯ ಹಬ್ಬದ ಗದ್ದಲದಲ್ಲಿ, ಜೇಮ್ಸ್ ಡಗ್ಲಸ್‌ನ ಕಡೆಯವರು ಕಪ್ಪು ನಿಲುವಂಗಿ ಹೊದ್ದು ಕೈಕಾಲೂರಿ ದನಗಳಂತೆ ತೆವಳಿ, ಹಗ್ಗದ ಏಣಿ ಹಾಕಿ ಒಳನುಗ್ಗಿದರು. ಮತ್ತೆ ಅದು ಇಂಗ್ಲಿಷರ ಪಾಲಾಯಿತು. 1460ರ ಆಗಸ್ಟ್ 3ರಂದು ಎರಡನೇ ಜೇಮ್ಸ್ ಅರಸ ಮುತ್ತಿಗೆ ಹಾಕಿದ್ದಾಗ ಅವನದೇ ಫಿರಂಗಿ ಸಿಡಿದು, ಪಕ್ಕದಲ್ಲೇ ನಿಂತಿದ್ದ ಅರಸ ಸತ್ತ. ಕೆಲವೇ ದಿನಗಳಲ್ಲಿ ಸ್ಕಾಟರು ಕೋಟೆ ಗೆದ್ದರು, ಗೆದ್ದ ಮೇಲೆ ಕೆಡವಿದರು. ಗಡಿಯಲ್ಲಿ ಶತ್ರು ಮತ್ತೆ ಮತ್ತೆ ಬಂದು ಕೂರುವ ಜಾಗವನ್ನು ಉಳಿಸಿಕೊಳ್ಳುವುದಕ್ಕಿಂತ ಇಲ್ಲವಾಗಿಸುವುದೇ ಲಾಭ ಎಂಬುದು ಲೆಕ್ಕ. 1547ರಲ್ಲಿ ಇಂಗ್ಲಿಷರು ಅದೇ ದಿಬ್ಬದ ಮೇಲೆ ಒಂದು ಕೊತ್ತಲ ಕಟ್ಟಿದರು. ಮೂರೇ ವರ್ಷಕ್ಕೆ ಅದೂ ಹೋಯಿತು. ಈಗ ಕಾಣುವುದು ಹುಲ್ಲು ಹತ್ತಿದ ದಿಬ್ಬ, ಒಂದೆರಡು ಮೋಟುಗೋಡೆ.

ನಕ್ಷೆಯಲ್ಲಿ "ರಾಕ್ಸ್‌ಬರಾ" ಎಂದು ಕಾಣುವ ಹಳ್ಳಿ ಟೀವಿಯಟ್ ದಂಡೆಯಲ್ಲಿ ಇನ್ನೂ ಮೇಲಕ್ಕಿದೆ. ಅದು ಆ ಪಟ್ಟಣವಲ್ಲ. ಕೋಟೆ ನೋಡಲು ಹೋಗುವವರು ಹಳ್ಳಿಯ ಹೆಸರು ಒತ್ತಿ ದಾರಿ ತಪ್ಪುವುದು ಮಾಮೂಲು. ಕೆಲ್ಸೊ ಎಂದು ಹಾಕಿ ಹೊರಡಬೇಕು. ಪಟ್ಟಣ ಅಳಿದ ಮೇಲೆ ಕೌಂಟಿಯ ನ್ಯಾಯಾಲಯ, ಆಡಳಿತ ಜೆಡ್‌ಬರಾಕ್ಕೆ ಹೋದವು. ಹೆಸರು ಮಾತ್ರ ಹಳೆಯದೇ ಉಳಿಯಿತು.

ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿ ಎಂದರೆ ಟ್ವೀಡ್ ನದಿ ತಾನೆ?

ಅರ್ಧ ನಿಜ. ಒಟ್ಟು ಗಡಿ ಸುಮಾರು 154 ಕಿ.ಮೀ. ಉದ್ದ. ಟ್ವೀಡ್ ಅದರ ಪೂರ್ವದ ತುದಿಗೆ ಮಾತ್ರ ಗಡಿ, ಅಲ್ಲೂ ಬೆರಿಕ್ ಪಟ್ಟಣ ನದಿಯ ಉತ್ತರ ದಂಡೆಯಲ್ಲಿದ್ದೂ ಇಂಗ್ಲೆಂಡಿನದು. 1482ರಿಂದ ಅದು ಸ್ಕಾಟರಿಗೆ ಮರಳಿಲ್ಲ. ಕಾರಮ್ ಊರಿನ ಸಮೀಪ ರೆಡನ್ ತೊರೆಯ ಬಳಿ ಗಡಿ ನದಿಯನ್ನು ಬಿಟ್ಟು ದಕ್ಷಿಣಕ್ಕೆ ತಿರುಗುತ್ತದೆ. ಅಲ್ಲಿಂದ ರಾಕ್ಸ್‌ಬರಾಶೈರ್‌ನ ಪಾಲು ಶುರು: ಚೀವಿಯಟ್ ಏರಿ, ನೀರು ಎರಡು ಕಡೆಗೆ ಒಡೆಯುವ ಏಣಿನ ಮೇಲೆ ಸಾಗಿ, ಈಗ ಎ68 ಹೆದ್ದಾರಿ ದಾಟುವ 418 ಮೀಟರ್ ಎತ್ತರದ ಕಾರ್ಟರ್ ಬಾರ್ ಕಣಿವೆ ಹಾದು, ಲಿಡ್ಸ್‌ಡೇಲ್ ಕಡೆಗೆ ಇಳಿದು, ಕರ್ಶಪ್ ತೊರೆ ಹಿಡಿದು ಲಿಡ್ಡಲ್ ಹೊಳೆಗೆ. ಚೀವಿಯಟ್ ಶಿಖರ (815 ಮೀ.) ಮಾತ್ರ ಗೆರೆಯಿಂದ ತುಸು ಆಚೆ, ಇಂಗ್ಲೆಂಡಿನ ಪಾಲಿಗಿದೆ.

ಈ ಗೆರೆಗೆ ಕಾಗದದ ಬಲ ಬಂದದ್ದು 1237ರ ಯಾರ್ಕ್ ಒಪ್ಪಂದದಿಂದ. ಸ್ಕಾಟ್ಲೆಂಡಿನ ಎರಡನೇ ಅಲೆಕ್ಸಾಂಡರ್ ಅದರಲ್ಲಿ ಉತ್ತರ ಇಂಗ್ಲೆಂಡಿನ ಮೇಲಿನ ಹಕ್ಕುದಾರಿಕೆಯನ್ನು ಕೈಬಿಟ್ಟ. ಕಾಗದದ ಗೆರೆಯನ್ನು ನೆಲದ ಮೇಲೆ ತೋರಿಸುವುದು ಬೇರೆಯೇ ಕೆಲಸ. ಅದೇ ಶತಮಾನದಲ್ಲಿ ರೆಡನ್ ತೊರೆಯ ಬಳಿ ಎರಡೂ ಕಡೆಯ ಆರಾರು ನೈಟ್‌ಗಳು ಸೇರಿ ಗಡಿ ನಡೆದು ತೋರಿಸಲು ಹೊರಟರು. ಇಂಗ್ಲಿಷರ ಆರೂ ಜನ ಒಂದು ದಾರಿ ತೋರಿಸಿದರು, ಸ್ಕಾಟರ ಆರೂ ಜನ ಅಲ್ಲವೆಂದರು. ಜನ ಹೆಚ್ಚಿಸಿ ಮತ್ತೆ ನಡೆದರೂ ಫಲ ಅಷ್ಟೇ. ಕೆಲವು ತುಂಡು ಹುಲ್ಲುಗಾವಲುಗಳು ಶತಮಾನಗಳ ಕಾಲ ತಕರಾರಿನಲ್ಲೇ ಉಳಿದವು.

"ಮಾರ್ಚ್" ಎಂದರೇನು? ವಾರ್ಡನ್ ಯಾರು?

ಮಾರ್ಚ್ ಎಂದರೆ ಗಡಿಸೀಮೆ. ತಿಂಗಳಿಗೂ ಅದಕ್ಕೂ ಸಂಬಂಧವಿಲ್ಲ. ಗಡಿಯ ಎರಡೂ ಬದಿಗಳನ್ನು ಪೂರ್ವ, ಮಧ್ಯ, ಪಶ್ಚಿಮ ಎಂದು ಮೂರು ಮೂರಾಗಿ ಸೀಳಿ, ಪ್ರತಿಯೊಂದಕ್ಕೂ ಅರಸನ ಕಡೆಯಿಂದ ಒಬ್ಬ ವಾರ್ಡನ್‌ನನ್ನು ಇಟ್ಟಿದ್ದರು. ರಾಕ್ಸ್‌ಬರಾಶೈರ್‌ನ ಬಹುಪಾಲು ಸ್ಕಾಟಿಷ್ ಮಧ್ಯ ಮಾರ್ಚ್‌ನಲ್ಲಿತ್ತು. ಅದರ ವಾರ್ಡನ್‌ಗಿರಿ ಹೆಚ್ಚಾಗಿ ಕೆರ್ ಮನೆತನದ ಕೈಯಲ್ಲೇ ಸುತ್ತುತ್ತಿತ್ತು. ಲಿಡ್ಸ್‌ಡೇಲ್‌ಗೆ ಮಾತ್ರ ಹರ್ಮಿಟೇಜ್ ಕೋಟೆಯಲ್ಲಿ ಕೂರುವ ಪ್ರತ್ಯೇಕ "ಕೀಪರ್".

ಇವರು ನಡೆಸುತ್ತಿದ್ದ ಕಾನೂನು ಇಂಗ್ಲೆಂಡಿನದೂ ಅಲ್ಲ, ಸ್ಕಾಟ್ಲೆಂಡಿನದೂ ಅಲ್ಲ. 1249ರಲ್ಲಿ ಎರಡೂ ಕಡೆಯ ಹನ್ನೆರಡು ಹನ್ನೆರಡು ನೈಟ್‌ಗಳು ಕೂತು ಗಡಿಯ ರೂಢಿಗಳನ್ನು ಬರೆಸಿದರು. ಗಡಿ ದಾಟಿದ ಅಪರಾಧವನ್ನು ವಿಚಾರಿಸಲು ಎರಡು ರಾಜ್ಯಗಳು ಸೇರಿ ಕಟ್ಟಿಕೊಂಡ ಮೂರನೆಯ ಕಾನೂನು ಅದು.

ದನ ಕಳವಾದರೆ ಮಾಡಬೇಕಾದ್ದೇನಿತ್ತು?

16ನೇ ಶತಮಾನದಲ್ಲಿ ಟೀವಿಯಟ್‌ಡೇಲ್‌ನ ರೈತನ ಹಟ್ಟಿಗೆ ರಾತ್ರಿ ನುಗ್ಗಿ ದನ ಹೊಡೆದುಕೊಂಡು ಹೋದರು ಎನ್ನಿ. ಅವನಿಗೆ ಎರಡು ದಾರಿ.

ಮೊದಲನೆಯದು ಬೆನ್ನಟ್ಟುವುದು, "ಹಾಟ್ ಟ್ರಾಡ್". ಇದಕ್ಕೆ ಕಟ್ಟುನಿಟ್ಟಿನ ನಿಯಮಗಳಿದ್ದವು. ಕಳವಾದ ಆರು ದಿನದೊಳಗೆ ಹೊರಡಬೇಕು. ಬೇಟೆನಾಯಿ, ಕೊಂಬು ಸಮೇತ ಬಹಿರಂಗವಾಗಿ, ಕೂಗುತ್ತ ಹೋಗಬೇಕು. ಈಟಿಯ ತುದಿಗೆ ಹೊತ್ತಿಕೊಂಡ ಹುಲ್ಲುಹೆಂಟೆ ಸಿಕ್ಕಿಸಿರಬೇಕು. ಬೆಂಕಿ ಕಂಡವರು ಜೊತೆಗೂಡಬೇಕು, ಅಡ್ಡಿ ಮಾಡಿದವನು ಕಳ್ಳನ ಪಾಲುದಾರ. ಈ ಗುರುತುಗಳಿದ್ದರೆ ಗಡಿ ದಾಟಿದರೂ ಅದು ಕಾನೂನಿನ ಬೆನ್ನಟ್ಟುವಿಕೆ. ಗುರುತಿಲ್ಲದೆ ಸದ್ದಿಲ್ಲದೆ ದಾಟಿದರೆ ಅದೇ ಹೊಸದೊಂದು ದಾಳಿ, ದೂರುದಾರನೇ ಆರೋಪಿಯಾಗುತ್ತಿದ್ದ.

ಎರಡನೆಯದು ದೂರು. ಕಳವಾದ ಸೊತ್ತು, ಕಳ್ಳರ ಹೆಸರು ಬರೆದ "ಬಿಲ್" ಅನ್ನು ತನ್ನ ವಾರ್ಡನ್‌ಗೆ ಕೊಡಬೇಕು. ಅವನು ಅದನ್ನು ಆಚೆಯ ವಾರ್ಡನ್‌ಗೆ ಕಳಿಸುತ್ತಾನೆ. ಇಬ್ಬರೂ ಸೇರಿ "ಸಂಧಿಯ ದಿನ" ಗೊತ್ತುಮಾಡಿ ಸಂತೆಗಳಲ್ಲಿ ಡಂಗುರ ಹೊಡೆಸುತ್ತಾರೆ. ಜಾಗ ಸಾಮಾನ್ಯವಾಗಿ ಗಡಿಯ ಮೇಲಿನದೇ ಒಂದು ಬೋಳು ಏಣು. ಆ ದಿನ ಬಂದವರಿಗೆಲ್ಲ ಮರುದಿನದ ಸೂರ್ಯೋದಯದವರೆಗೆ ಅಭಯ. ಪಂಚರ ಆಯ್ಕೆಯಲ್ಲಿ ಒಂದು ಜಾಣತನವಿತ್ತು: ಆರು ಇಂಗ್ಲಿಷರನ್ನು ಸ್ಕಾಟಿಷ್ ವಾರ್ಡನ್ ಆರಿಸಬೇಕು, ಆರು ಸ್ಕಾಟರನ್ನು ಇಂಗ್ಲಿಷ್ ವಾರ್ಡನ್. ಆರೋಪ ಸಾಬೀತಾದರೆ ಬಿಲ್ "ಕೊಳೆಯಾಯಿತು" ಎನ್ನುತ್ತಿದ್ದರು, ಬಿದ್ದುಹೋದರೆ "ಚೊಕ್ಕಟವಾಯಿತು". ಕೊಳೆಯಾದರೆ ಕಳವಿನ ಮೂಲಬೆಲೆಯ ಜೊತೆ ಅದರ ಎರಡರಷ್ಟು ದಂಡ. ಅಂದರೆ ಒಟ್ಟು ಮೂರು ಪಟ್ಟು.

ಇಷ್ಟು ಚೆನ್ನಾದ ವ್ಯವಸ್ಥೆ ಕೆಟ್ಟದ್ದೆಲ್ಲಿ?

ಮೂರು ಕಡೆ. ದೂರುದಾರರು ಒಂದು ಬಡಕಲು ಹಸುವಿಗೆ ಕೊಬ್ಬಿದ ಎತ್ತಿನ ಬೆಲೆ ಬರೆಸುತ್ತಿದ್ದರು. ಕೊನೆಗೆ ಪ್ರಾಣಿಗಿಷ್ಟು ಎಂದು ದರಪಟ್ಟಿ ಮಾಡಬೇಕಾಯಿತು. ಎರಡನೆಯದಾಗಿ, ವಾರ್ಡನ್ ತಾನೇ ಯಾವುದೋ ಮನೆತನದವನು. ತನ್ನ ನಂಟರನ್ನು ಹಿಡಿದೊಪ್ಪಿಸುವುದು ಅವನಿಂದಾಗದು. ಮೂರನೆಯದು, ಜಗಳಗಂಟಿಗಳ ಎರಡು ಗುಂಪನ್ನು ಆಯುಧ ಸಮೇತ ಒಂದೇ ಬಯಲಲ್ಲಿ ಸೇರಿಸುವುದು.

1575ರ ಜುಲೈ 7ರಂದು ಈಗಿನ ಕಾರ್ಟರ್ ಬಾರ್‌ನಲ್ಲಿ ಅದೇ ಆಯಿತು. ಇಂಗ್ಲಿಷ್ ವಾರ್ಡನ್ ಜಾನ್ ಫಾರ್ಸ್ಟರ್, ಸ್ಕಾಟರ ಕಡೆಯಿಂದ ಲಿಡ್ಸ್‌ಡೇಲ್ ಕೀಪರ್ ಜಾನ್ ಕಾರ್ಮೈಕಲ್. ಒಬ್ಬ ಆರೋಪಿಯನ್ನು ಒಪ್ಪಿಸುವ ವಿಷಯಕ್ಕೆ ಮಾತಿಗೆ ಮಾತು ಬೆಳೆದು ಬಾಣ ಹಾರಿದವು. ಸ್ಕಾಟರು ಹಿಂಜರಿಯುತ್ತಿದ್ದಾಗ ಜೆಡ್‌ಬರಾದವರು ಬಂದು ಸೇರಿ ಅವರನ್ನು ಪಾರುಮಾಡಿದರು, ಫಾರ್ಸ್ಟರ್ ಸೆರೆಸಿಕ್ಕ. ಎರಡು ದೇಶಗಳ ನಡುವೆ ನಡೆದ ಕೊನೆಯ ಗಮನಾರ್ಹ ಕಾಳಗ ಎಂದು ಇದನ್ನೇ ಎಣಿಸುತ್ತಾರೆ. 1585ರಲ್ಲಿ ಇನ್ನೊಂದು ಸಂಧಿಯ ದಿನ ಫ್ರಾನ್ಸಿಸ್ ರಸಲ್ ಎಂಬ ಇಂಗ್ಲಿಷ್ ಲಾರ್ಡ್ ಚೀವಿಯಟ್ ಏಣಿನ ಮೇಲೆ ಗುಂಡಿಗೆ ಬಲಿಯಾದ.

1596ರ ಪ್ರಕರಣ ಇನ್ನೂ ಪ್ರಸಿದ್ಧ. ಸಂಧಿಯ ದಿನ ಮುಗಿಸಿ ಮನೆಗೆ ಹೊರಟಿದ್ದ ಕಿನ್ಮಂಟ್ ವಿಲಿ ಎಂಬ ಆರ್ಮ್‌ಸ್ಟ್ರಾಂಗ್ ಮನೆತನದ ದಾಳಿಕೋರನನ್ನು ಇಂಗ್ಲಿಷರು ಅಭಯ ಮುರಿದು ಹಿಡಿದು ಕಾರ್ಲೈಲ್ ಕೋಟೆಯಲ್ಲಿಟ್ಟರು. ವಿಲಿ ಪಕ್ಕಾ ಕಳ್ಳನೇ. ಆದರೆ ಹಿಡಿದ ದಿನ ತಪ್ಪು. ಲಿಡ್ಸ್‌ಡೇಲ್ ಕೀಪರ್ ಆಗಿದ್ದ ಬಕ್ಲೂವಿನ ವಾಲ್ಟರ್ ಸ್ಕಾಟ್ ಏಪ್ರಿಲ್ 13ರ ರಾತ್ರಿ ಕೋಟೆಗೆ ನುಗ್ಗಿ ಅವನನ್ನು ಬಿಡಿಸಿಕೊಂಡು ಹೋದ. ಎಲಿಜಬೆತ್ ರಾಣಿ ಕೆಂಡವಾದಳು. 1603ರಲ್ಲಿ ಎರಡೂ ರಾಜ್ಯಗಳಿಗೆ ಒಬ್ಬನೇ ಅರಸನಾದ ಮೇಲೆ ಮಾರ್ಚ್ ಕಾನೂನಿಗೆ ಅರ್ಥವೇ ಉಳಿಯಲಿಲ್ಲ.

"ತಕರಾರಿನ ನೆಲ" ಎಂಬ ಡಿಬೇಟಬಲ್ ಲ್ಯಾಂಡ್ ಈ ಜಿಲ್ಲೆಯದೇ?

ಅಲ್ಲ, ಪಕ್ಕದ್ದು. ಎಸ್ಕ್ ಮತ್ತು ಸಾರ್ಕ್ ನದಿಗಳ ನಡುವಿನ ಆ ಪಟ್ಟಿಯನ್ನು 1552ರಲ್ಲಿ ಫ್ರೆಂಚ್ ರಾಯಭಾರಿಯ ಮಧ್ಯಸ್ಥಿಕೆಯಲ್ಲಿ ಹಂಚಿ, ನಡುವೆ ಸ್ಕಾಟ್ಸ್ ಡೈಕ್ ಎಂಬ ಮಣ್ಣಿನ ಏರಿ ಹಾಕಿದರು. ಸ್ಕಾಟರ ಪಾಲು ಡಂಫ್ರೀಸ್‌ಶೈರ್‌ಗೆ ಸೇರಿತು. ಲಿಡ್ಸ್‌ಡೇಲ್‌ನ ಆರ್ಮ್‌ಸ್ಟ್ರಾಂಗರು ಅಲ್ಲಿಗೂ ಹಬ್ಬಿದ್ದರಿಂದ ಎರಡನ್ನೂ ಒಂದೇ ಎಂದು ತಿಳಿಯುವುದುಂಟು.

ದೊಡ್ಡ ಮನೆತನಗಳು ಯಾವುವು? ಅವರಿಗೆ ಇಷ್ಟು ಭೂಮಿ ಬಂದದ್ದು ಹೇಗೆ?

ಹಳೆಯ ಸಾಲಿನವರು ಸೂಲಿಸ್ ಮನೆತನ (1320ರಲ್ಲಿ ರಾಬರ್ಟ್ ಬ್ರೂಸ್ ವಿರುದ್ಧದ ಪಿತೂರಿಗೆ ಲಿಡ್ಸ್‌ಡೇಲ್ ಕಳೆದುಕೊಂಡರು) ಮತ್ತು ಡಗ್ಲಸರು. 1342ರಲ್ಲಿ ವಿಲಿಯಂ ಡಗ್ಲಸ್ ತನ್ನ ಪ್ರತಿಸ್ಪರ್ಧಿ ಅಲೆಕ್ಸಾಂಡರ್ ರಾಮ್‌ಸೇಯನ್ನು ಹರ್ಮಿಟೇಜ್ ಕೋಟೆಯಲ್ಲಿ ಉಪವಾಸ ಕೆಡವಿ ಕೊಂದ. ಅವರ ಬಲ ಕುಗ್ಗಿದ ಮೇಲೆ ಮೇಲೆದ್ದವರು ಸ್ಕಾಟರು (ಇಲ್ಲಿ ಮನೆತನದ ಹೆಸರು), ಎರಡು ಕವಲಿನ ಕೆರ್‌ಗಳು ಮತ್ತು ಎಲಿಯಟ್‌ಗಳು.

ಕೆರ್ ಕವಲುಗಳಲ್ಲಿ ಸೆಸ್‌ಫರ್ಡ್‌ನವರು ಮುಂದೆ ರಾಕ್ಸ್‌ಬರಾ ಡ್ಯೂಕ್‌ಗಳಾದರು. ಜೆಡ್‌ಬರಾ ಬಳಿಯ ಫರ್ನಿಹರ್ಸ್ಟ್‌ನವರ ಕೋಟೆ ಈಗ ಲೋಥಿಯನ್ ಮಾರ್ಕ್ವೆಸ್ ಮನೆತನದ್ದು. ಎರಡೂ ಕವಲು ಒಂದಕ್ಕೊಂದು ಎಣ್ಣೆ ಸೀಗೆಕಾಯಿ. ಸ್ಕಾಟರೊಡನೆ ಹಗೆ ಇನ್ನೂ ಆಳದ್ದು: 1526ರಲ್ಲಿ ಮೆಲ್‌ರೋಸ್ ಬಳಿಯ ಕಾಳಗದಲ್ಲಿ ಸೆಸ್‌ಫರ್ಡ್‌ನ ಆಂಡ್ರೂ ಕೆರ್ ಸತ್ತ, 26 ವರ್ಷ ಕಾದು 1552ರಲ್ಲಿ ಕೆರ್‌ಗಳು ಎಡಿನ್‌ಬರಾದ ನಡುಬೀದಿಯಲ್ಲಿ ಬಕ್ಲೂವಿನ ವಾಲ್ಟರ್ ಸ್ಕಾಟ್‌ನನ್ನು (ಕಾರ್ಲೈಲ್‌ಗೆ ನುಗ್ಗಿದವನ ಪೂರ್ವಜ) ಕೊಂದರು.

ಭೂಮಿ ಬಂದದ್ದು ಮುಖ್ಯವಾಗಿ ಮಠಗಳಿಂದ. ಕೆಲ್ಸೊ (1128), ಮೆಲ್‌ರೋಸ್ (1136), ಜೆಡ್‌ಬರಾ (1138) – ಈ ಮಠಗಳ ಕೈಯಲ್ಲಿ ಒಳ್ಳೆಯ ನೆಲ, ಉಣ್ಣೆಯ ವ್ಯಾಪಾರ ಎರಡೂ ಇದ್ದವು. 1544–45ರ ಇಂಗ್ಲಿಷ್ ದಾಳಿಗಳು ಕಟ್ಟಡ ಸುಟ್ಟವು; 1560ರ ಧರ್ಮಸುಧಾರಣೆ ಸನ್ಯಾಸಿಗಳನ್ನು ಕಳಿಸಿತು; ಉಳಿದ ಜಮೀನು ಅಕ್ಕಪಕ್ಕದ ಬಲಾಢ್ಯರ ಪಾಲಾಯಿತು. ಕೆಲ್ಸೊ ಮಠದ ಆಸ್ತಿ ಸೆಸ್‌ಫರ್ಡ್ ಕೆರ್‌ಗಳಿಗೆ ಹೋಯಿತು. ಕತ್ತಿಯಿಂದ ಹೆಸರು ಬಂತು, ಮಠದಿಂದ ಗಂಟು ಬಂತು.

ರಾಕ್ಸ್‌ಬರಾ ಡ್ಯೂಕ್ ಎಂದರೆ ಜಿಲ್ಲೆಯ ಒಡೆಯನೇ?

ಅಲ್ಲ. ಬಿರುದು ಬೇರೆ, ಜಮೀನು ಬೇರೆ, ಅಧಿಕಾರ ಬೇರೆ. ಸೆಸ್‌ಫರ್ಡ್‌ನ ರಾಬರ್ಟ್ ಕೆರ್ 1616ರಲ್ಲಿ ಅರ್ಲ್ ಆದ. ಐದನೇ ಅರ್ಲ್ ಜಾನ್ ಕೆರ್, ಇಂಗ್ಲೆಂಡ್–ಸ್ಕಾಟ್ಲೆಂಡ್ ಒಕ್ಕೂಟವನ್ನು ಬೆಂಬಲಿಸಿದ್ದಕ್ಕೆ 1707ರ ಏಪ್ರಿಲ್ 25ರಂದು ಡ್ಯೂಕ್ ಆದ. ಒಕ್ಕೂಟ ಜಾರಿಗೆ ಬರಲು ಆರೇ ದಿನ ಬಾಕಿ. ಸ್ಕಾಟ್ಲೆಂಡಿನ ಪೀರೇಜಿನಲ್ಲಿ (ಕುಲೀನ ಬಿರುದುಗಳ ಸಾಲು; ಬಿರುದುಳ್ಳವನು ಪೀರ್) ಹುಟ್ಟಿದ ಕೊನೆಯ ಡ್ಯೂಕ್ ಪದವಿ ಅದು. ಕೆಲ್ಸೊ ಬಳಿಯ ಫ್ಲೋರ್ಸ್ ಕ್ಯಾಸಲ್ ಅನ್ನು 1721ರಲ್ಲಿ ಅವನಿಗಾಗಿ ವಿಲಿಯಂ ಆಡಮ್ ಕಟ್ಟಲು ತೊಡಗಿದ. ಹೆಸರಿಗೆ ಕೋಟೆ, ಅಸಲಿಗೆ ಬಂಗಲೆ.

ಉತ್ತರಾಧಿಕಾರದ ವ್ಯಾಜ್ಯ ಕಾನೂನಿನ ವಿದ್ಯಾರ್ಥಿಗಳು ಓದಬೇಕಾದ್ದು. ಪುಸ್ತಕಪ್ರೇಮಿ ಮೂರನೇ ಡ್ಯೂಕ್ 1804ರಲ್ಲಿ, ನಾಲ್ಕನೆಯವನು 1805ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡರು. 1648ರಲ್ಲಿ ಮೊದಲ ಅರ್ಲ್ ಬರೆಸಿಟ್ಟ ದಸ್ತಾವೇಜಿನಲ್ಲಿ, ಮಗ ಹ್ಯಾರಿ ಕೆರ್‌ನ "ಹಿರಿಯ ಮಗಳು" ಮತ್ತು ಆಕೆಯ "ಗಂಡು ವಾರಸುದಾರರು" ಎಂಬ ಮಾತಿತ್ತು. ಹಿರಿಯಳು ಎಂದರೆ ಒಬ್ಬಳೇ ಮಗಳೋ, ಆಕೆಯ ಸಾಲು ಮುಗಿದ ಮೇಲೆ ಮುಂದಿನವಳೂ ಹಿರಿಯಳೇ ಆಗುತ್ತಾಳೋ? ಏಳು ವರ್ಷ ಎಳೆದು 1812ರಲ್ಲಿ ಹೌಸ್ ಆಫ್ ಲಾರ್ಡ್ಸ್ ಎರಡನೆಯ ಅರ್ಥ ಹಿಡಿದು, ಇನ್ನೊಬ್ಬ ಮಗಳು ಮಾರ್ಗರೆಟ್‌ಳ ವಂಶದ ಜೇಮ್ಸ್ ಇನ್ನೆಸ್‌ಗೆ ಪಟ್ಟ ಕೊಟ್ಟಿತು. ಆಗ ಅವನಿಗೆ 76 ವರ್ಷ, ಮಕ್ಕಳಿಲ್ಲ. ಮತ್ತೆ ವ್ಯಾಜ್ಯ ಗ್ಯಾರಂಟಿ ಎಂದು ವಕೀಲರು ಕಾದಿದ್ದಿರಬೇಕು. 1816ರಲ್ಲಿ, 80ರ ವಯಸ್ಸಿನಲ್ಲಿ, ಅವನಿಗೆ ಗಂಡುಮಗು ಹುಟ್ಟಿತು.

ಬಕ್ಲೂ ಡ್ಯೂಕ್‌ಗಳ ಬಿರುದು 1685ರಲ್ಲಿ ರದ್ದಾಗಬೇಕಿತ್ತಲ್ಲವೇ?

ಒಳ್ಳೆಯ ಪ್ರಶ್ನೆ. ಬಕ್ಲೂ ಆಸ್ತಿಯ ವಾರಸುದಾರಿಣಿ ಆನ್ ಸ್ಕಾಟ್‌ಳನ್ನು 1663ರಲ್ಲಿ, ಆಕೆಗಿನ್ನೂ 12 ವರ್ಷವಿದ್ದಾಗ, ಎರಡನೇ ಚಾರ್ಲ್ಸ್‌ನ ದಾಸೀಪುತ್ರ ಮನ್ಮತ್ ಡ್ಯೂಕ್‌ಗೆ ಮದುವೆ ಮಾಡಿದರು. ಅವನು 1685ರಲ್ಲಿ ಬಂಡೆದ್ದು ತಲೆ ಕಳೆದುಕೊಂಡ. ಮನ್ಮತ್ ಬಿರುದು ಮುಟ್ಟುಗೋಲಾಯಿತು. ಬಕ್ಲೂ ಬಿರುದು ಮಾತ್ರ ಗಂಡನ ಮೂಲಕವಲ್ಲದೆ ಆನ್‌ಗೆ ಸ್ವಂತ ಹಕ್ಕಿನಲ್ಲೂ ಸಿಕ್ಕಿತ್ತು. ಹಾಗಾಗಿ ಉಳಿಯಿತು, ಅವಳ ಸಂತತಿಗೆ ಹೋಯಿತು. ಬಕ್ಲೂ ಎಂಬ ಮೂಲ ಜಾಗ ಸೆಲ್ಕರ್ಕ್‌ಶೈರ್‌ನಲ್ಲಿದೆ. ರಾಕ್ಸ್‌ಬರಾಶೈರ್‌ನಲ್ಲಿ ಅವರ ಹಳೆಯ ನೆಲೆ ಹಾಯ್ಕ್ ಬಳಿಯ ಬ್ರಾಂಕ್ಸಮ್.

ಬಿರುದುಗಳ ಮೆಟ್ಟಿಲು ಹೇಗೆ? ಬರೆಯುವಾಗ ಆಗುವ ತಪ್ಪು?

ಮೇಲಿನಿಂದ ಕೆಳಕ್ಕೆ: ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಲಾರ್ಡ್ ಆಫ್ ಪಾರ್ಲಿಮೆಂಟ್. ಇಂಗ್ಲೆಂಡಿನಲ್ಲಿ ಕೊನೆಯ ಮೆಟ್ಟಿಲಿಗೆ ಬ್ಯಾರನ್ ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಬ್ಯಾರನ್ ಎಂದರೆ ಜಮೀನಿನ ಜೊತೆ ಬರುತ್ತಿದ್ದ ಹಕ್ಕು, ಪೀರ್ ಪದವಿ ಅಲ್ಲ. ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಬ್ಯಾರೊನೆಟ್ ಇನ್ನೊಂದು, ವಂಶಪಾರಂಪರ್ಯದ "ಸರ್". ಅದೂ ಪೀರ್ ಅಲ್ಲ.

ದೊಡ್ಡ ಬಿರುದಿನವರ ಹಿರಿಯ ಮಗ ತಂದೆಯ ಚಿಕ್ಕ ಬಿರುದೊಂದನ್ನು ಗೌರವಕ್ಕೆ ಬಳಸುತ್ತಾನೆ, ಆದರೆ ತಂದೆ ಇರುವವರೆಗೆ ಕಾನೂನಿನ ಕಣ್ಣಿಗೆ ಸಾಮಾನ್ಯ ಪ್ರಜೆ. ಲೋಥಿಯನ್ ಮಾರ್ಕ್ವೆಸ್‌ರ ಮಗ ಅರ್ಲ್ ಆಫ್ ಆಂಕ್ರಮ್ ಆಗಿದ್ದರೂ "ಮೈಕೆಲ್ ಆಂಕ್ರಮ್" ಹೆಸರಿನಲ್ಲಿ ಹೌಸ್ ಆಫ್ ಕಾಮನ್ಸ್‌ಗೆ ಆರಿಸಿಬಂದದ್ದು ಹೀಗೆಯೇ.

ಒಂದು ಚದರಡಿ ಜಾಗ ಕೊಂಡರೆ ಲಾರ್ಡ್ ಆಗಬಹುದಂತೆ, ನಿಜವೇ?

ಸುಳ್ಳು. ಅಂಥ ನೆನಪಿನ ಕಾಣಿಕೆಯ ತುಂಡುಗಳನ್ನು ಸ್ಕಾಟ್ಲೆಂಡಿನ ಭೂ ನೋಂದಣಿಯಲ್ಲಿ ದಾಖಲಿಸುವಂತೆಯೇ ಇಲ್ಲ. "ಲೇರ್ಡ್" ಎಂದರೆ ಜಮೀನುದಾರ ಎಂದಷ್ಟೇ ಅರ್ಥ, ಬಿರುದಲ್ಲ. ಪೀರ್ ಪದವಿ ಮಾರಾಟಕ್ಕಿಲ್ಲ. ಮಾರಾಟವಾಗುವುದು ಊಳಿಗಮಾನ್ಯದ ಬ್ಯಾರನ್ ಹೆಸರು: 2004ರ ನವೆಂಬರ್ 28ರಂದು ಸ್ಕಾಟ್ಲೆಂಡಿನಲ್ಲಿ ಊಳಿಗಮಾನ್ಯ ಭೂ ಒಡೆತನ ರದ್ದಾದಾಗ ಆ ಹೆಸರು ಜಮೀನಿನಿಂದ ಕಳಚಿಕೊಂಡಿತು. ಅದನ್ನು ದುಡ್ಡು ಕೊಟ್ಟು ಕೊಳ್ಳಬಹುದು. ಜೊತೆಗೆ ಗೇಣು ನೆಲವೂ ಬರುವುದಿಲ್ಲ, ಸಂಸತ್ತಿನ ಕುರ್ಚಿಯೂ ಬರುವುದಿಲ್ಲ.

ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಗೂ ಈ ಜಿಲ್ಲೆಗೂ ಸಂಬಂಧವಿದೆಯೇ?

ಇದೆ. ಮಿಂಟೊ ಎಂಬುದು ಹಾಯ್ಕ್‌ನ ಈಶಾನ್ಯಕ್ಕಿರುವ ಪುಟ್ಟ ಹಳ್ಳಿ. ಎಲಿಯಟ್ ಮನೆತನದ ಒಂದು ಕವಲಿನ ನೆಲೆ. ಗಿಲ್ಬರ್ಟ್ ಎಲಿಯಟ್ 1807ರಿಂದ 1813ರವರೆಗೆ ಭಾರತದ ಗವರ್ನರ್ ಜನರಲ್ ಆಗಿದ್ದು, ಮೊದಲ ಮಿಂಟೊ ಅರ್ಲ್ ಆದ. ಅವನ ವಂಶದ ನಾಲ್ಕನೇ ಅರ್ಲ್ 1905–10ರಲ್ಲಿ ವೈಸ್‌ರಾಯ್. ಆಸ್ಪತ್ರೆಗಿರುವುದು ಇವನ ಹೆಸರು. ಇಬ್ಬರನ್ನೂ "ಲಾರ್ಡ್ ಮಿಂಟೊ" ಎಂದೇ ಬರೆಯುವುದರಿಂದ ಜಾವಾ ದಂಡಯಾತ್ರೆಯನ್ನೂ 1909ರ ಮಿಂಟೊ–ಮಾರ್ಲೆ ಸುಧಾರಣೆಯನ್ನೂ ಒಬ್ಬನ ತಲೆಗೇ ಕಟ್ಟುವವರಿದ್ದಾರೆ. ನಡುವೆ ಒಂದು ಶತಮಾನವಿದೆ.

ಮಿಂಟೊ ಹಳ್ಳಿಯಿಂದ ಕೂಗಳತೆಯ ಡೆನ್ಹಮ್‌ನಲ್ಲಿ 1775ರಲ್ಲಿ ಹುಟ್ಟಿದವನು ಜಾನ್ ಲೈಡನ್: ವೈದ್ಯ, ಕವಿ, ಭಾಷೆಗಳ ಹುಚ್ಚು ಹಿಡಿದವನು. ಟಿಪ್ಪುವಿನ ಪತನದ ನಂತರ ನಡೆದ ಮೈಸೂರು ಸರ್ವೇಕ್ಷಣೆಗೆ ವೈದ್ಯನಾಗಿ ಬಂದು ಶ್ರೀರಂಗಪಟ್ಟಣದಲ್ಲಿ ಕಾಯಿಲೆ ಬಿದ್ದ. 1811ರಲ್ಲಿ ಮಿಂಟೊ ಜೊತೆ ಜಾವಾಕ್ಕೆ ಹೋಗಿ ಬಟಾವಿಯಾದಲ್ಲಿ ಜ್ವರದಿಂದ ತೀರಿಕೊಂಡ.

ಈಗ ಆಡಳಿತದಲ್ಲಿ ರಾಕ್ಸ್‌ಬರಾಶೈರ್ ಉಂಟೇ?

ಕೌನ್ಸಿಲ್ ಆಗಿ ಇಲ್ಲ. 1889ರ ಕಾಯ್ದೆಯಿಂದ ಚುನಾಯಿತ ಕೌಂಟಿ ಕೌನ್ಸಿಲ್ ಬಂತು. ಅದರ ಬೆನ್ನಿಗೇ ಎರಡು ಕೌಂಟಿಗಳಲ್ಲಿ ಕಾಲಿಟ್ಟಿದ್ದ ಆಶ್‌ಕರ್ಕ್, ರಾಬರ್ಟನ್‌ನಂಥ ಪ್ಯಾರಿಷ್‌ಗಳ (ಒಂದೊಂದು ಚರ್ಚಿನ ವ್ಯಾಪ್ತಿಯ ಸೀಮೆ) ಗಡಿ ಸರಿಪಡಿಸಿದರು. 1975ರ ಮೇ 16ರಂದು ಕೌಂಟಿ ಕೌನ್ಸಿಲ್ ಹೋಗಿ ಬಾರ್ಡರ್ಸ್ ರೀಜನ್, ಅದರ ಕೆಳಗೆ ನಾಲ್ಕು ಡಿಸ್ಟ್ರಿಕ್ಟ್‌ಗಳು ಬಂದವು. ಅವುಗಳಲ್ಲೊಂದು ರಾಕ್ಸ್‌ಬರಾ. ಆದರೆ ಮೆಲ್‌ರೋಸ್ ಸೀಮೆಯನ್ನು ಕಿತ್ತು ಎಟ್ರಿಕ್ ಮತ್ತು ಲಾಡರ್‌ಡೇಲ್ ಡಿಸ್ಟ್ರಿಕ್ಟ್‌ಗೆ ಕೊಟ್ಟರು. 1996ರ ಏಪ್ರಿಲ್ 1ರಿಂದ ಡಿಸ್ಟ್ರಿಕ್ಟ್‌ಗಳೂ ಇಲ್ಲ. ಸುಮಾರು 4,700 ಚದರ ಕಿ.ಮೀ.ಗೆ ಸ್ಕಾಟಿಷ್ ಬಾರ್ಡರ್ಸ್ ಎಂಬ ಒಂದೇ ಕೌನ್ಸಿಲ್, ಕಚೇರಿ ನ್ಯೂಟೌನ್ ಸೇಂಟ್ ಬಾಸ್ವೆಲ್ಸ್‌ನಲ್ಲಿ.

ಆದರೂ ಹೆಸರು ಸತ್ತಿಲ್ಲ. ಭೂ ನೋಂದಣಿಯಲ್ಲಿ ರಾಕ್ಸ್‌ಬರಾ ಇನ್ನೂ ಪ್ರತ್ಯೇಕ ಕೌಂಟಿ. ಅರಸನ ಪ್ರತಿನಿಧಿಯ ವ್ಯಾಪ್ತಿಗೆ "ರಾಕ್ಸ್‌ಬರಾ, ಎಟ್ರಿಕ್ ಮತ್ತು ಲಾಡರ್‌ಡೇಲ್" ಎಂದು ಹೆಸರು.

ಚುನಾವಣಾ ಕ್ಷೇತ್ರಗಳು ಇವನ್ನೇ ಅನುಸರಿಸುತ್ತವೆಯೇ?

ಎಂದೂ ಅನುಸರಿಸಿಲ್ಲ. 1708ರಿಂದ 1918ರವರೆಗೆ ರಾಕ್ಸ್‌ಬರಾಶೈರ್ ಒಂದು ಕ್ಷೇತ್ರವಾಗಿದ್ದರೂ, ಜೆಡ್‌ಬರಾ ಪಟ್ಟಣ 1885ರವರೆಗೆ ದೂರದ ಕರಾವಳಿಯ ಡನ್‌ಬಾರ್, ನಾರ್ತ್ ಬೆರಿಕ್‌ಗಳ ಜೊತೆ ಹ್ಯಾಡಿಂಗ್ಟನ್ ಪಟ್ಟಣಗಳ ಕ್ಷೇತ್ರದಲ್ಲಿತ್ತು. ಹಾಯ್ಕ್ 1868ರಿಂದ ಗ್ಯಾಲಶೀಲ್ಸ್, ಸೆಲ್ಕರ್ಕ್ ಜೊತೆ. ಮುಂದೆ ಸೆಲ್ಕರ್ಕ್‌ಶೈರ್ ಜೊತೆ (1918), ಪೀಬಲ್ಸ್ ಸೇರಿ (1955, ಡೇವಿಡ್ ಸ್ಟೀಲ್ 1965ರ ಉಪಚುನಾವಣೆ ಗೆದ್ದದ್ದು ಇಲ್ಲಿ), ಬೆರಿಕ್‌ಶೈರ್ ಜೊತೆ (1983), 2005ರಿಂದ ಬೆರಿಕ್‌ಶೈರ್, ರಾಕ್ಸ್‌ಬರಾ ಮತ್ತು ಸೆಲ್ಕರ್ಕ್.

ಮೆಲ್‌ರೋಸ್ ಒಂದನ್ನೇ ನೋಡಿ: ಹಳೆಯ ಕೌಂಟಿ ರಾಕ್ಸ್‌ಬರಾ, 1975–96ರ ಡಿಸ್ಟ್ರಿಕ್ಟ್ ಎಟ್ರಿಕ್ ಮತ್ತು ಲಾಡರ್‌ಡೇಲ್, 2005ರಿಂದ ಲಂಡನ್ ಸಂಸತ್ತಿಗೆ ಹೆಸರಲ್ಲಿ ರಾಕ್ಸ್‌ಬರಾ ಇರುವ ಕ್ಷೇತ್ರ, ಸ್ಕಾಟಿಷ್ ಸಂಸತ್ತಿಗೆ 2011ರ ವಿಂಗಡಣೆಯಲ್ಲಿ ಮಿಡ್‌ಲೋಥಿಯನ್ ಸೌತ್, ಟ್ವೀಡ್‌ಡೇಲ್ ಮತ್ತು ಲಾಡರ್‌ಡೇಲ್. ಊರು ಇದ್ದಲ್ಲೇ ಇದೆ.

ಹಳೆಯ ದಾಖಲೆ ಹುಡುಕುವವರು ಎಡವುವುದೆಲ್ಲಿ?

ಮೊದಲು ಇಸವಿ, ಆಮೇಲೆ ಪ್ಯಾರಿಷ್, ಕೊನೆಗೆ ಊರು: ಈ ಕ್ರಮ ಬಿಡಬೇಡಿ. ಜನನ, ಮರಣ, ಮದುವೆಯ ಸರ್ಕಾರಿ ನೋಂದಣಿ ಶುರುವಾದದ್ದು 1855ರ ಜನವರಿ 1ಕ್ಕೆ. ಅದಕ್ಕೂ ಹಿಂದಿನದು ಚರ್ಚಿನ ಪ್ಯಾರಿಷ್ ಪುಸ್ತಕಗಳಲ್ಲಿ. ನಡುನಡುವೆ ವರ್ಷಗಟ್ಟಲೆ ಖಾಲಿ. ನ್ಯೂಕಾಸಲ್‌ಟನ್‌ನವರನ್ನು ಆ ಹೆಸರಿನಲ್ಲಿ ಹುಡುಕಿದರೆ ಸಿಗುವುದಿಲ್ಲ; ಅದು ಬಕ್ಲೂ ಡ್ಯೂಕ್ 1793ರಲ್ಲಿ ಕಟ್ಟಿಸಿದ ಹೊಸ ಊರು, ಪ್ಯಾರಿಷ್ ಹೆಸರು ಕಾಸಲ್‌ಟನ್. ಆಬಟ್‌ರೂಲ್ ಪ್ಯಾರಿಷ್ 18ನೇ ಶತಮಾನದಲ್ಲೇ ರದ್ದಾಗಿ ಅಕ್ಕಪಕ್ಕದವಕ್ಕೆ ಹಂಚಿಹೋಯಿತು. ಹಾಯ್ಕ್‌ನವರೆಂದು ಹೇಳಿಕೊಂಡವರ ಹೆಸರು ನದಿಯಾಚೆಯ ವಿಲ್ಟನ್ ಪ್ಯಾರಿಷ್‌ನಲ್ಲಿರಬಹುದು.

ಜಮೀನಿನ ವಿಷಯಕ್ಕೆ ಉಯಿಲು ಹುಡುಕುತ್ತ ಕೂರಬೇಡಿ. 1868ರವರೆಗೆ ಸ್ಕಾಟ್ಲೆಂಡಿನಲ್ಲಿ ಉಯಿಲಿನ ಮೂಲಕ ಭೂಮಿ ಬಿಟ್ಟುಹೋಗುವಂತಿರಲಿಲ್ಲ. ವಾರಸುದಾರಿಕೆಯ ವಿಚಾರಣೆಯ ಕಡತಗಳನ್ನು, 1617ರಿಂದ ನಡೆದುಬಂದ ಸೇಸಿನ್ ಎಂಬ ಭೂಸ್ವಾಧೀನ ದಾಖಲೆಯನ್ನು ನೋಡಬೇಕು. ಸ್ಥಳೀಯ ಕಾಗದಪತ್ರ ಹಾಯ್ಕ್‌ನ ಹೆರಿಟೇಜ್ ಹಬ್‌ನಲ್ಲಿದೆ. ಅಂಚೆಯ ಟಿಡಿ ಸಂಕೇತವನ್ನು ಗಡಿಯ ಗುರುತೆಂದು ನಂಬಬೇಡಿ. ಇಂಗ್ಲೆಂಡಿನ ಬೆರಿಕ್ ಪಟ್ಟಣಕ್ಕೂ ಅದೇ ಸಂಕೇತ.

ಕುದುರೆ ಮೇಲೆ ಗಡಿ ಸುತ್ತುವ ಹಬ್ಬ ಯಾಕೆ?

ಹಾಯ್ಕ್‌ನ ಕಾಮನ್ ರೈಡಿಂಗ್ ಜೂನ್‌ನಲ್ಲಿ. ಇಲ್ಲಿ ಗಡಿ ಎಂದರೆ ದೇಶದ ಗಡಿಯಲ್ಲ, ಊರಿನ ಗೋಮಾಳದ ಗಡಿ. ಪಕ್ಕದ ಜಮೀನುದಾರ ಬೇಲಿ ಸರಿಸಿದ್ದಾನೋ ಎಂದು ವರ್ಷಕ್ಕೊಮ್ಮೆ ಸುತ್ತಿ ನೋಡುವ ಹಳೆಯ ರೂಢಿ. ಮದುವೆಯಾಗದ ಯುವಕನೊಬ್ಬ "ಕಾರ್ನೆಟ್" ಆಗಿ ಬಾವುಟ ಹಿಡಿಯುತ್ತಾನೆ, ಗಡಿಯಲ್ಲಿ ಹುಲ್ಲುಹೆಂಟೆ ಅಗೆದು ಗುರುತು ಮಾಡುತ್ತಾನೆ. 1514ರಲ್ಲಿ ಹಾರ್ನ್‌ಸ್‌ಹೋಲ್‌ನಲ್ಲಿ ಊರ ಹುಡುಗರು ಇಂಗ್ಲಿಷ್ ತುಕಡಿಯಿಂದ ಬಾವುಟ ಕಿತ್ತುಕೊಂಡ ನೆನಪನ್ನು ಇದಕ್ಕೆ ಸೇರಿಸಿದ್ದಾರೆ. ಜೆಡ್‌ಬರಾದವರು ಜುಲೈನಲ್ಲಿ ಕಾರ್ಟರ್ ಬಾರ್‌ಗೆ ಸವಾರಿ ಹೋಗುತ್ತಾರೆ, 1575ರ ನೆನಪಿಗೆ.

ಯೆಟಮ್‌ನಲ್ಲಿ ಒಬ್ಬ ರಾಜ ಇದ್ದನಂತೆ?

ಇದ್ದ, ಜಿಪ್ಸಿಗಳ ರಾಜ. ಇಂಗ್ಲೆಂಡ್ ಗಡಿಗೆ ಅಂಟಿಕೊಂಡಂತಿರುವ ಕರ್ಕ್ ಯೆಟಮ್ ಹಳ್ಳಿಯಲ್ಲಿ ಫಾ ಮನೆತನದವರು ತಲೆಮಾರುಗಳ ಕಾಲ ಆ ಪಟ್ಟ ಹಿಡಿದಿದ್ದರು. ಒಂದು ಹೆಜ್ಜೆಗೆ ದೇಶ, ಕಾನೂನು ಎರಡೂ ಬದಲಾಗುವ ಜಾಗ ಅಲೆಮಾರಿ ವ್ಯಾಪಾರಿಗಳಿಗೂ ಕಳ್ಳಸಾಗಣೆಗೂ ಹೇಳಿ ಮಾಡಿಸಿದ್ದು. ಕೊನೆಯ ರಾಜ ಚಾರ್ಲ್ಸ್ ಫಾ ಬ್ಲೈತ್‌ಗೆ 1898ರಲ್ಲಿ ಪಟ್ಟ ಕಟ್ಟಿದರು, 1902ರಲ್ಲಿ ತೀರಿಕೊಂಡ. ಯಾವ ಪೀರೇಜ್ ಪಟ್ಟಿಯಲ್ಲೂ ಅವನ ಹೆಸರಿಲ್ಲ. ಅವರ "ಅರಮನೆ" ಈಗಲೂ ಹಳ್ಳಿಯಲ್ಲಿದೆ: ಬಾಗಿಲು ಬಗ್ಗಿ ದಾಟಬೇಕಾದಂಥ ಪುಟ್ಟ ಮನೆ.